ಕಲ್ಲಿಗೂ ಸ್ವೆಟರ್

ಎರಡು ವರ್ಷದ ಹಿಂದೆ ನವೆಂಬರ್‌ನಲ್ಲಿ ಮನೆಮಂದಿಯೆಲ್ಲ ಕಾರು ಹತ್ತಿ ಅಬರ್‌ಲೆಮ್ನೊಗೆ ಹೋಗಿದ್ದೆವು. ಸ್ಕಾಟ್ಲೆಂಡಿನ ಆಂಗಸ್‌ನಲ್ಲಿ, ಫೋರ್‌ಫರ್‌ನಿಂದ ಬ್ರೀಕಿನ್‌ಗೆ ಹೋಗುವ ದಾರಿಯಲ್ಲಿ ಸಿಗುವ ಪುಟ್ಟ ಊರು. ಹಿಂದೆ ಇಲ್ಲಿ ಬಾಳಿದ್ದ ಪಿಕ್ಟರು ಅನ್ನುವ ಜನ ಕೆತ್ತಿದ ಕಲ್ಲು ನೋಡೋಣ ಅಂತ ಹೋದರೆ ಕಂಡದ್ದು ಮರದ ಪೆಟ್ಟಿಗೆಗಳು! ಚಳಿಗೆ, ಹಿಮಕ್ಕೆ ಕೆತ್ತನೆ ಹಾಳಾಗದಿರಲಿ ಅಂತ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮುಚ್ಚಿಡುತ್ತಾರೆ. "ಅಪ್ಪಾ, ಕಲ್ಲಿಗೂ ಸ್ವೆಟರ್ರಾ?" ಅಂದಳು ಮಗಳು. ಮೊದಲೇ ವಿಚಾರಿಸದ ತಪ್ಪು ನನ್ನದೇ. ಕಾರಲ್ಲೇ ಕೂತು ಚಕ್ಕುಲಿ ತಿಂದು ವಾಪಸ್ ಬಂದೆವು.

ಹೋದ ಮೇ ತಿಂಗಳಲ್ಲಿ ಮತ್ತೆ ಹೋದೆವು. ಊರಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು. ರಸ್ತೆ ಪಕ್ಕದಲ್ಲೇ ಆಳೆತ್ತರದ ಮರಳುಗಲ್ಲು ನಿಂತಿದೆ. ಟಿಕೆಟ್ ಇಲ್ಲ, ಗೇಟಿಲ್ಲ. ಮೇಲ್ಗಡೆ ಬಳುಕುವ ಹಾವು. ಅತ್ತೆ ನಾಗರಕಲ್ಲು ಅಂದುಕೊಂಡು ಕೈ ಮುಗಿದೇಬಿಟ್ಟರು. ಹೆಡೆ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಹಾವಿನ ಕೆಳಗೆ ಎರಡು ದುಂಡು ಬಿಲ್ಲೆ, ಅವುಗಳ ಮೇಲೆ ಹಾದ, ಎರಡು ಕಡೆ ಮುರಿದ ಕೋಲು. ಅದಕ್ಕೂ ಕೆಳಗೆ ಕನ್ನಡಿ, ಬಾಚಣಿಗೆ. ಬಿಸಿಲು ಓರೆಯಾಗಿ ಬಿದ್ದರೆ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಕೆತ್ತಿ ಸುಮಾರು 1400 ವರ್ಷ ಆಗಿದೆ!

ಇದೇ ಗುರುತುಗಳು ಸ್ಕಾಟ್ಲೆಂಡಿನ ಉತ್ತರ, ಪೂರ್ವದ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಜಾಸ್ತಿ ಜೋಡಿಯಾಗಿಯೇ. ಅದಕ್ಕೇ ಇವು ಜನರ ಹೆಸರಿರಬಹುದು ಅನ್ನುವವರಿದ್ದಾರೆ. ಓದಲು ಮಾತ್ರ ಇನ್ನೂ ಯಾರಿಗೂ ಆಗಿಲ್ಲ. ಕನ್ನಡಿ, ಬಾಚಣಿಗೆ ಇದ್ದರೆ ಅದು ಹೆಂಗಸಿನ ಕಲ್ಲು ಅನ್ನುವ ವಾದವೂ ಇದೆ. ನನಗೆ ನಂಬಿಕೆ ಇಲ್ಲ. ನಮ್ಮನೇಲಿ ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುವವನು ನಾನೇ.

ಅಲ್ಲೇ ಹತ್ತಿರದ ಚರ್ಚ್ ಅಂಗಳದಲ್ಲಿ ಇನ್ನೊಂದು ಕಲ್ಲಿದೆ. ಒಂದು ಮುಖದಲ್ಲಿ ಶಿಲುಬೆ, ಇನ್ನೊಂದರಲ್ಲಿ ಯುದ್ಧ. ಕುದುರೆ ಸವಾರರು, ಈಟಿ ಹಿಡಿದ ಕಾಲಾಳುಗಳು, ಮೂಲೆಯಲ್ಲಿ ಸತ್ತುಬಿದ್ದವನನ್ನು ಕುಕ್ಕುವ ಹಕ್ಕಿ. ವೀರಗಲ್ಲು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಪಿಕ್ಟರು 685ರಲ್ಲಿ ದಕ್ಷಿಣದ ನೆರೆರಾಜ್ಯ ನಾರ್ಥಂಬ್ರಿಯಾದ ರಾಜನನ್ನು ಸೋಲಿಸಿ ಕೊಂದ ಯುದ್ಧವೇ ಇದು ಅಂತ ಹಲವರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಪೆಟ್ಟಿಗೆ ತೆಗೆದಿರುತ್ತಾರೆ, ಹೋಗಿಬನ್ನಿ. ಹಾವಿನ ಕಲ್ಲಿನ ಹಿಂಬದಿ ನೋಡಲು ಮರೆಯಬೇಡಿ. ಅಲ್ಲಿ ಬಟ್ಟಲಿನಂಥ ಸಣ್ಣ ಸಣ್ಣ ಗುಳಿಗಳಿವೆ. ಅವು ಪಿಕ್ಟರಿಗಿಂತ ಸಾವಿರಾರು ವರ್ಷ ಹಳೆಯವು. ಯಾರೋ ಎಂದೋ ಗುಳಿ ತೋಡಿದ್ದ ಕಲ್ಲಿಗೇ ಪಿಕ್ಟರು ಹಾವು ಕೆತ್ತಿದ್ದಾರೆ. ಅತ್ತೆ ನೋಡಿದ ಕೂಡಲೇ "ಅಳಗುಳಿ ಮಣೆ!" ಅಂದರು. ನೆಟ್ಟಗೆ ನಿಂತ ಮಣೆಯಲ್ಲಿ ಕಾಯಿ ಹೇಗೆ ನಿಲ್ಲುತ್ತೆ ಅಜ್ಜಿ ಅಂತ ಮಗಳು ತಕರಾರು ತೆಗೆದಳು.