ನನ್ನ ದನಿ ಇಲ್ಲದಾಗ ಪಾಠ ನಡೆಸಿದವರಿಗೆ

ಹೋದ ವಾರದಿಂದ ಮತ್ತೆ ಹಾಡಿ ಪಾಠ ಹೇಳುತ್ತಿದ್ದೇನೆ. ಮೊದಲಿನಷ್ಟು ಹೊತ್ತು ಆಗುವುದಿಲ್ಲ, ತಾರಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ದನಿ ಇನ್ನೂ ಹೋಗುತ್ತಿಲ್ಲ. ಆದರೂ ಮಕ್ಕಳ ಎದುರು ಕೂತು ಮೊದಲ ಪಾಠವಾದ ಸರಳೆ ವರಸೆ ಹಾಡುವಷ್ಟು ದನಿ ಬಂದಿದೆ. ಇಷ್ಟು ತಿಂಗಳು ಜೊತೆಗಿದ್ದವರಿಗೆ ಬಾಯಿಬಿಟ್ಟು ಏನೂ ಹೇಳಲು ಆಗಿರಲಿಲ್ಲ. ಅದಕ್ಕೇ ಈ ಬರಹ.

ಏನಾಗಿತ್ತು ಎಂದು ತುಂಬಾ ಜನ ಕೇಳಿದ್ದೀರಿ. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿದ್ದವು. ದಿನವಿಡೀ ಮಾತಾಡುವವರಿಗೆ, ಹಾಡುವವರಿಗೆ ಬರುವ ತೊಂದರೆ ಇದು. ಕಛೇರಿ ಮಾಡುವವರು ತಮ್ಮ ದನಿಗೆ ಹೊಂದುವ ಶ್ರುತಿಯಲ್ಲಿ ಹಾಡುತ್ತಾರೆ. ಪಾಠ ಹೇಳುವವರು ಮಕ್ಕಳ ಶ್ರುತಿಗೆ ಹೋಗಬೇಕು. ಒಂದು ಗುಂಪಿನದು ಮೇಲೆ, ಇನ್ನೊಂದರದು ಕೆಳಗೆ, ಸಂಜೆಯಿಡೀ ಹೀಗೇ. ಈ ಕೆಲಸದಲ್ಲಿರುವ ಗೆಳತಿಯರೇ, ದನಿ ಒಡೆಯುತ್ತಿದ್ದರೆ ಬೇಗ ತೋರಿಸಿಕೊಳ್ಳಿ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನನ್ನು ನೋಡಿಕೊಂಡವರಿಗೆ ಮೊದಲ ನಮಸ್ಕಾರ. ಇಂಥ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇರುವುದು ಎಷ್ಟು ದೊಡ್ಡ ವಿಷಯ ಎಂದು ಈಗ ಗೊತ್ತಾಯಿತು. ಮೊದಲು ಪೂರ್ತಿ ಮೌನ. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸ ಎಂದರು. ಆಮೇಲೆ ಉಸಿರು ಬಿಡುವುದನ್ನೇ ಹೊಸದಾಗಿ ಕಲಿಸಿದರು. ಇನ್ನು ಮುಂದೆ ಪಾಠದಲ್ಲಿ ಚಿಕ್ಕ ಮೈಕ್ ಹಾಕಿಕೊಳ್ಳಿ ಎಂದೂ ಹೇಳಿದರು. ಮನೆಯ ಪಾಠಕ್ಕೆ ಮೈಕಾ ಅನಿಸಿತ್ತು. ಆಗ ನೆನಪಾದವರು ಟಿ. ಚೌಡಯ್ಯನವರು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಲಿ ಎಂದು ಅವರು ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ ಹಾಕಿಸಿಕೊಂಡರು. ಕೇಳುವವರಿಗಾಗಿ ವಾದ್ಯವನ್ನೇ ಬದಲಾಯಿಸಿದವರು ಇದ್ದ ಊರಿದು. ನಾನು ಮೈಕ್ ಹಾಕಿಕೊಂಡರೆ ಏನಂತೆ, ಅಲ್ವಾ?

ಈಗ ನನ್ನ ವೀಣೆಯ ಗೆಳತಿಗೆ. ನಾನು ಮಾತು ಬಿಟ್ಟ ಎರಡನೇ ವಾರವೇ ಅವಳು ಆಟೋದಲ್ಲಿ ವೀಣೆ ಇಟ್ಟುಕೊಂಡು ಬಂದಳು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಇದ್ದ ಊರಿನಲ್ಲಿ ಬೆಳೆದರೂ ನನ್ನ ಪಾಠದ ಮಕ್ಕಳಲ್ಲಿ ಜಾಸ್ತಿ ಜನ ವೀಣೆಯನ್ನು ಹತ್ತಿರದಿಂದ ನೋಡಿರಲಿಲ್ಲ. ಅವಳು ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳ ನುಡಿಸಿ ತೋರಿಸಿದಳು. ಬಿಟ್ಟ ತಂತಿ ಮೀಟಿದರೆ ಸ. ಮೊದಲ ಮನೆಯಲ್ಲಿ, ಅಂದರೆ ತಂತಿಯ ಕೆಳಗಿನ ಮೊದಲ ಮೆಟ್ಟಿಲಲ್ಲಿ, ರಿ. ಅಲ್ಲಿಂದ ಎರಡು ಮನೆ ದಾಟಿ ನಾಲ್ಕನೆಯದರಲ್ಲಿ ಗ. ಅದರ ಪಕ್ಕದಲ್ಲೇ ಮ. ಪಂಚಮ ಆದ ಮೇಲೂ ಹಾಗೇ, ದ ಹತ್ತಿರ, ನಿ ದೂರ, ನಿ ಪಕ್ಕದಲ್ಲೇ ಮೇಲಿನ ಸ. ಮಕ್ಕಳು ಬೆರಳಿಟ್ಟು ಎಣಿಸಿದರು. ಗಾಂಧಾರ ಕೆಳಗಿಳಿಯುತ್ತಿದೆ, ಮೇಲೆ ಹಿಡಿ ಎಂದು ನಾನು ವರ್ಷಗಟ್ಟಲೆ ಹೇಳುತ್ತಿದ್ದೆ. ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ಕಣ್ಣಿಗೇ ಕಂಡಿತು. ಆಮೇಲೆ ಹಾಡಿದಾಗ ಗ ಸರಿಯಾಗಿ ನಿಂತಿತು! ಕೂತಲ್ಲೇ ನನ್ನ ಕಣ್ಣು ತುಂಬಿತು. ಹಾಡು ಕಲಿಯುವ ಎಲ್ಲ ಮಕ್ಕಳಿಗೂ ಸ್ವಲ್ಪ ದಿನ ವೀಣೆ ಮುಟ್ಟಲು ಸಿಗಬೇಕು ಎಂದು ಈಗ ನಾನು ಗಟ್ಟಿಯಾಗಿ ನಂಬುತ್ತೇನೆ.

ಸಂಗೀತದ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದ ಹುಡುಗಿಯರು ತಮ್ಮ ಓದು, ಕಾಲೇಜಿನ ಮಧ್ಯೆ ಚಿಕ್ಕವರಿಗೆ ಜಂಟಿ ವರಸೆ, ಅಲಂಕಾರದಂಥ ಆರಂಭದ ಪಾಠ ಹೇಳಿಕೊಟ್ಟರು. ನಾನು ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದೆ, ಅಷ್ಟೇ. ಪಕ್ಕದ ಬೀದಿಯ ಮೃದಂಗದ ಹುಡುಗ ಭಾನುವಾರ ಬಂದು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಅಲಂಕಾರಗಳಿಗೆ ನುಡಿಸಿದ. ಯಾರೂ ಕೇಳಿರಲಿಲ್ಲ, ಅವನೇ ಬಂದ.

ಅಪ್ಪ ಅಮ್ಮಂದಿರಿಗೆ ಹೇಗೆ ಹೇಳಲಿ? ಮಗುವನ್ನು ಬೇರೆ ಕಡೆ ಸೇರಿಸಬಹುದಿತ್ತು, ಸೇರಿಸಲಿಲ್ಲ. ಪಾಠ ನಿಂತ ವಾರಗಳ ಫೀಸನ್ನೂ ತಂದುಕೊಟ್ಟಿರಿ. ಜೂನಿಯರ್ ಪರೀಕ್ಷೆ ಒಂದು ವರ್ಷ ಮುಂದೆ ಹೋದರೆ ಹೋಗಲಿ ಮೇಡಂ ಎಂದಿರಿ. ಪರೀಕ್ಷೆಗಾಗಿಯೇ ಓಡುವ ಈ ದಿನಗಳಲ್ಲಿ ಆ ಮಾತು ನನಗೆ ಎಷ್ಟು ಬಲ ಕೊಟ್ಟಿತು ಎಂದು ನಿಮಗೆ ಗೊತ್ತಿಲ್ಲ. ವರ್ಣ ಒಂದೇ ಆದರೂ ಎರಡು ಕಾಲದಲ್ಲಿ ನಿಂತು ಹಾಡುವ ಮಗು ಸರ್ಟಿಫಿಕೇಟ್ ಕೈಯಲ್ಲಿರುವ ಮಗುವಿಗಿಂತ ಮುಂದಿದೆ.

ಹಾಡಲಾಗದ ಆ ದಿನಗಳಲ್ಲಿ ನಾನು ಕೇಳಲು ಹೋದೆ. ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣೇಶೋತ್ಸವ, ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನ. ರಸ್ತೆಯಲ್ಲೇ ಕುರ್ಚಿ ಹಾಕಿ ದೊಡ್ಡ ವಿದ್ವಾಂಸರ ಕಛೇರಿ ಮಾಡಿಸುವ 8ನೇ ಕ್ರಾಸಿನವರಿಗೆ ಊರಿನ ಎಲ್ಲ ಸಂಗೀತದ ಮೇಷ್ಟ್ರುಗಳೂ ಋಣಿಗಳು. ಕೇಳದೆ ಕಲಿಯುವುದು ಹೇಗೆ? ತನಿ, ಅಂದರೆ ಮೃದಂಗದವರೇ ನುಡಿಸುವ ಭಾಗ, ಶುರುವಾದರೆ ಎದ್ದುಹೋಗದೆ ಬೆರಳು ಮಡಚಿ ತಾಳ ಹಾಕುವ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಅವರಲ್ಲೊಬ್ಬ ಅಜ್ಜಿ ನನ್ನ ಪಾಡು ತಿಳಿದು ಪ್ರತಿ ಸಂಜೆ ಪಕ್ಕದ ಕುರ್ಚಿ ಹಿಡಿದಿಡುತ್ತಿದ್ದರು. ಮಾತಾಡಿಸುತ್ತಿರಲಿಲ್ಲ, ಸುಮ್ನೆ ಕಲ್ಲುಸಕ್ಕರೆ ಕೊಡುತ್ತಿದ್ದರು. ಅಜ್ಜಿ, ನಿಮಗೂ ನನ್ನ ನಮಸ್ಕಾರ.

ಮುಂದಿನ ತಿಂಗಳಿನಿಂದ ಪಾಠಗಳು ಮೊದಲಿನ ಹೊತ್ತಿಗೇ ನಡೆಯುತ್ತವೆ, ಗುಂಪುಗಳು ಮಾತ್ರ ಚಿಕ್ಕವು. ಶನಿವಾರದ ವೀಣೆ ಪಾಠ ನಿಲ್ಲುವುದಿಲ್ಲ, ಗೆಳತಿ ಒಪ್ಪಿದ್ದಾಳೆ. ತಿಂಗಳಿಗೊಮ್ಮೆ ಮಕ್ಕಳನ್ನೆಲ್ಲ ಕರೆದುಕೊಂಡು ಒಂದು ಕಛೇರಿಗೆ ಹೋಗೋಣ. ಅಪ್ಪ ಅಮ್ಮಂದಿರೂ ಬನ್ನಿ.