ಅಮ್ಮನಿಗೊಂದು ಸಿನಿಮಾ ತೋರಿಸಬೇಕು ಕಣೋ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಅಮ್ಮನನ್ನು ಶಿವಮೊಗ್ಗಕ್ಕೆ ಸಿನಿಮಾ ನೋಡಲು ಕರೆದುಕೊಂಡು ಹೋಗಿದ್ದೆ. ಒಂದು ಕಾಲದಲ್ಲಿ ತೀರ್ಥಹಳ್ಳಿಗೆ ಟೆಂಟ್ ಬಂತೆಂದರೆ ಮೊದಲ ದಿನವೇ ಚಾಪೆ ಹಿಡಿದು ಹೊರಡುತ್ತಿದ್ದವಳು, ಈಗ ಜಗುಲಿಯಲ್ಲೇ ಕೂತು ಕೂತು ಸೊರಗುತ್ತಿದ್ದಾಳೆ ಅನಿಸಿತು. ಥಿಯೇಟರಿನ ಬಾಗಿಲಲ್ಲಿ ಕಪ್ಪು ಮ್ಯಾಟ್ ಹಾಸಿದ್ದರು. ಅಮ್ಮ ಕಾಲೇ ಎತ್ತಲಿಲ್ಲ. "ಗುಂಡಿ ಇದೆ, ಬೀಳ್ತೀನಿ" ಅಂದಳು. ಅಮ್ಮನ ಹಾಗೆ ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೆ ಇರುವವರಿಗೆ ಕಪ್ಪು ಹಾಸು ಗುಂಡಿಯ ಹಾಗೇ ಕಾಣಬಹುದು ಅಂತ ನನಗೆ ತಿಳಿದದ್ದು ಆಮೇಲೆ. ಹೇಗೋ ಒಳಗೆ ಕೂರಿಸಿದೆ. ಲೈಟ್ ಆರಿತು ನೋಡು, "ಕರೆಂಟ್ ಹೋಯ್ತು, ಲಾಟೀನು ಎಲ್ಲಿಟ್ಟೆ? ದನ ಬಂತಾ?" ಅಂತ ಜೋರಾಗಿ ಶುರು. ಅಷ್ಟರಲ್ಲಿ ಜಾಹೀರಾತಿನ ಅಬ್ಬರ. ಕಿವಿ ಮುಚ್ಚಿಕೊಂಡು ತಲೆಯನ್ನು ನನ್ನ ತೋಳಿಗೆ ಒತ್ತಿಕೊಂಡಳು. ಹಿಂದಿನವರು ಶ್ ಅಂದರು. ಅವರದ್ದೂ ತಪ್ಪಲ್ಲ ಬಿಡು, ದುಡ್ಡು ಕೊಟ್ಟು ಬಂದವರು. ಹತ್ತೇ ನಿಮಿಷಕ್ಕೆ ಹೊರಗೆ ಬಂದೆವು.

ಬ್ರಿಟನ್ನಿನಲ್ಲಿ ಪಿಕ್ಚರ್‌ಹೌಸ್ ಅನ್ನೋ ಥಿಯೇಟರಿನವರು ಇಂಥವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಂತಲೇ ಶೋ ಇಡುತ್ತಾರಂತೆ. ಲೈಟ್ ಪೂರ್ತಿ ಆರಿಸುವುದಿಲ್ಲ. ಸೌಂಡ್ ಕಡಿಮೆ. ಜಾಹೀರಾತು, ಟ್ರೇಲರ್ ಇಲ್ಲ. ಜಾಸ್ತಿ ಹಳೇ ಚಿತ್ರಗಳೇ. ಎದ್ದು ಓಡಾಡಿದರೂ, ಹಾಡಿದರೂ ಯಾರೂ ಏನೂ ಅನ್ನುವುದಿಲ್ಲ. ನನಗೆ ಆಸೆಯಾದದ್ದು ಅದಕ್ಕೇ, ಸುಮ್ನೆ ಎರಡು ಗಂಟೆ ಯಾರ ಹತ್ತಿರವೂ ಸಾರಿ ಕೇಳದೆ ಅಮ್ಮನ ಪಕ್ಕ ಕೂರುವುದು.

ನಿನ್ನ ಭಾವನ ಹಾಲ್ ಬೆಳಗಿನ ಹೊತ್ತು ಖಾಲಿ ಇರುತ್ತೆ, ಅಲ್ವಾ? ಬೆಳಗ್ಗೆಯೇ ಆಗಬೇಕು. ಈ ಕಾಯಿಲೆಯಲ್ಲಿ ಸಂಜೆಯಾದಂತೆ ಗಲಿಬಿಲಿ ಜಾಸ್ತಿ, ಅಮ್ಮ ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಅಂತ ಹಠ ಹಿಡಿಯುತ್ತಾಳೆ. 1972ರ 'ಬಂಗಾರದ ಮನುಷ್ಯ' ಹಾಕೋಣ. ಮೊನ್ನೆ ಟಿವಿಯಲ್ಲಿ ಅದರ ಹಾಡು ಬಂದಾಗ, ನನ್ನನ್ನು ತನ್ನ ತಮ್ಮ ಅಂದುಕೊಂಡಿರುವ ಅಮ್ಮ, ಅಡಿಕೆ ಸುಲಿಯುವ ಹಾಗೆ ಬೆರಳು ಆಡಿಸುತ್ತಾ ಒಂದು ಪದ ತಪ್ಪದೆ ಹಾಡಿದಳು. ಹೊಸ ನೆನಪು ಮೊದಲು ಹೋಗುತ್ತದೆ, ಹಳೇ ಹಾಡು ಬೇಗ ಹೋಗುವುದಿಲ್ಲ. ಚಿತ್ರ ಮೂರು ಗಂಟೆ ಹತ್ತಿರ ಇದೆ, ಎರಡು ಇಂಟರ್ವಲ್ ಬಿಡೋಣ. ಕಾಫಿ, ಕೋಡುಬಳೆ ನನ್ನ ಲೆಕ್ಕ.

ಮಳೆಗಾಲಕ್ಕೆ ಮೊದಲೇ ಮುಗಿಸಬೇಕು. ಆ ತಗಡಿನ ಮಾಡಿನ ಮೇಲೆ ನಮ್ಮ ಮಳೆ ಹೊಡೆದರೆ ಸೌಂಡ್ ತಗ್ಗಿಸಿ ಏನು ಬಂತು!

ಭಾವನನ್ನು ಕೇಳಿ ಹೇಳು. ಬಾಗಿಲಲ್ಲಿ ಕಪ್ಪು ಮ್ಯಾಟ್ ಇದ್ದರೆ ಅವತ್ತೊಂದು ದಿನ ಸುತ್ತಿಡಲಿ.

ನಿನ್ನವ