ಮೂರು ದಿನ ಬರೀ ನೀರು ಅಂದೆಯಲ್ಲ, ಅದಕ್ಕೆ ಈ ಪತ್ರ

ಗೆಳೆಯಾ,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಊಟ ಅರ್ಧ ಗಂಟೆ ತಡವಾದರೆ ಮನೆಯವರ ಮೇಲೆ ಹಾರಾಡುವ ನೀನು ಮೂರು ದಿನ ಬರೀ ನೀರು ಕುಡಿದುಕೊಂಡು ಇರುತ್ತೀಯಾ? ಬೇಡ ಅಂತ ಹೇಳಲು ಬರೆಯುತ್ತಿಲ್ಲ ಕಣೋ. ಉಪವಾಸ ನನಗೂ ಇಷ್ಟ. ಆದರೆ ಗಂಟೆ ಎಣಿಸುವ ಮೊದಲು ನಿನ್ನ ಮಾತ್ರೆ ಡಬ್ಬಿ ತೆಗೆದು ನೋಡು.

ಶುಗರ್‌ಗೆ ಮಾತ್ರೆ ಶುರುವಾಗಿದೆ ಅಂದಿದ್ದೆ. ನೀನು ಉಪವಾಸ ಇದ್ದೀಯ ಅಂತ ಆ ಮಾತ್ರೆಗೆ ಗೊತ್ತಾಗುವುದಿಲ್ಲ ಅಲ್ವಾ? ಗ್ಲಿಮೆಪಿರೈಡ್ ತರಹದ್ದು ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ಕೈ ನಡುಕ, ಎದೆ ಡವಡವ, ತಲೆ ಮಂಕು. ಆಗ ಹಟ ಬಿಟ್ಟು ತಕ್ಷಣ ಸಕ್ಕರೆ ನೀರು ಕುಡಿಯಬೇಕು. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆಯ ಕಥೆ ಬೇರೆ. ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಇಲ್ಲ ಅನ್ನಿಸಿದರೂ ರಕ್ತದಲ್ಲಿ ಆಮ್ಲ ಹೆಚ್ಚಾಗಿ ಆಸ್ಪತ್ರೆ ಸೇರಬೇಕಾಗಬಹುದು. ಹಾಗಂತ ಮಾತ್ರೆಯನ್ನು ನೀನೇ ನಿಲ್ಲಿಸಬೇಡ. ಬಿ.ಪಿ. ಮಾತ್ರೆಯನ್ನೂ ಅಷ್ಟೇ.

ಒಳಗೆ ನಡೆಯುವುದು ಇಷ್ಟು. ಲಿವರಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕೂಡಿಟ್ಟಿರುತ್ತದೆ. ಊಟ ಬಿಟ್ಟು ಒಂದು ದಿನವಾಗುವಷ್ಟರಲ್ಲಿ ಅದು ಬಹುಪಾಲು ಖಾಲಿ. ಆಮೇಲೆ ದೇಹ ಕೊಬ್ಬು ಕರಗಿಸಿ ಕೀಟೋನ್ ಅನ್ನುವ ಬದಲಿ ಇಂಧನ ಮಾಡಿಕೊಳ್ಳುತ್ತದೆ. ಮೊದಲೆರಡು ದಿನ ತೂಕ ಸರಸರ ಇಳಿದದ್ದು ನೋಡಿ ಕುಣಿಯಬೇಡ, ಒಂದು ಗ್ರಾಂ ಗ್ಲೈಕೋಜನ್ ಹೋದರೆ ಅದರ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ.

ಲಾಭ ಇಲ್ಲವೆಂದಲ್ಲ. ತೂಕ ಜಾಸ್ತಿ ಇದ್ದವರಿಗೆ ಅದು ಇಳಿಯುತ್ತದೆ, ಅದರ ಜೊತೆ ಸಕ್ಕರೆ, ಬಿ.ಪಿ. ಕೂಡ ಹಿಡಿತಕ್ಕೆ ಬರುತ್ತವೆ. ಆದರೆ ಪವಾಡವೇನೂ ಇಲ್ಲ. 2022ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ 139 ಜನ ಒಂದು ವರ್ಷ ಊಟ ಕಡಿಮೆ ಮಾಡಿದರು. ಅವರಲ್ಲಿ ಅರ್ಧ ಜನ ದಿನದ ಎಂಟೇ ಗಂಟೆಯೊಳಗೆ ತಿಂದು ಮುಗಿಸುತ್ತಿದ್ದರು, ಉಳಿದವರಿಗೆ ಹೊತ್ತಿನ ಕಟ್ಟುಪಾಡಿರಲಿಲ್ಲ. ಎರಡೂ ಗುಂಪಿನ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮತ್ತೆ ನೀನು ಕಳಿಸಿದ ವಿಡಿಯೋದ ಆಟೋಫೇಜಿ? ಜೀವಕೋಶ ತನ್ನ ಹಳೇ ಸಾಮಾನನ್ನು ತಾನೇ ಒಡೆದು ಮರಳಿ ಬಳಸುವುದು ನಿಜ. ಅದರ ಸಂಶೋಧನೆಗೆ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ 2016ರಲ್ಲಿ ನೊಬೆಲ್ ಪಡೆದರು. ಆದರೆ ಅದು ಹೇಗೆ ನಡೆಯುತ್ತದೆ ಅಂತ ಅವರು ಕಂಡುಕೊಂಡದ್ದು ಯೀಸ್ಟ್‌ನಲ್ಲಿ. ಅದನ್ನಿಟ್ಟುಕೊಂಡು ಮನುಷ್ಯ ಇಷ್ಟು ಗಂಟೆ ಉಪವಾಸ ಇದ್ದರೆ ಸಾಕು ಅಂತ ಲೆಕ್ಕ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಕಥೆ ಕೇಳು. ಹೋದ ವರ್ಷ 36 ಗಂಟೆ ಎಳೆದೆ. ಎರಡನೇ ದಿನ ಬೆಳಗ್ಗೆ ಹಾಸಿಗೆಯಿಂದ ಥಟ್ಟನೆ ಎದ್ದೆ, ಕಣ್ಣು ಕತ್ತಲೆ ಬಂತು, ಗೋಡೆ ಹಿಡಿದು ಕೂತೆ. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ನೀರನ್ನೂ ಹೊರಗೆ ಬಿಡುತ್ತದಂತೆ, ಆಮೇಲೆ ಗೊತ್ತಾಯಿತು. ಹೋಗಲಿ ಅಂದರೆ, ಅವತ್ತು ರಾತ್ರಿ ಸುಮ್ನೆ ಇರದೆ ಮೂರು ಹೊತ್ತಿನ ಊಟ ಒಟ್ಟಿಗೆ ಜಡಿದೆ. ಹೊಟ್ಟೆ ಹಿಡಿದುಕೊಂಡು ರಾತ್ರಿಯೆಲ್ಲಾ ಎಚ್ಚರ.

ನನ್ನದು ಬರೀ ಹೊಟ್ಟೆನೋವಿಗೆ ಮುಗಿಯಿತು. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಇದ್ದವರು ಹಾಗೆ ತಿಂದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಸಣಕಲು ಜನರಿಗೆ ಇನ್ನೂ ಬೇಗ. ಅದಕ್ಕೇ ಉಪವಾಸ ಬಿಡುವಾಗ ಮೆತ್ತಗಿನದು, ಸ್ವಲ್ಪವೇ, ನಿಧಾನವಾಗಿ.

ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ತೂಕ ತೀರಾ ಕಡಿಮೆ ಇದ್ದವರು, ಊಟ ತೀರಾ ಬಿಡುವ ಇಲ್ಲವೇ ಮಿತಿಮೀರಿ ತಿನ್ನುವ ಕಾಯಿಲೆ ಹಿಂದೆ ಎಂದಾದರೂ ಇದ್ದವರು ಇದಕ್ಕೆ ಕೈ ಹಾಕಲೇಬಾರದು. ನಿನ್ನ ಸ್ಟೇಟಸ್ ನೋಡಿ ತಂಗಿಯೂ ಶುರು ಮಾಡುತ್ತೇನೆ ಅಂದಳಂತೆ. ಅವಳಿಗೆ ಇನ್ನೂ ಹದಿನಾರು, ಆ ಸ್ಟೇಟಸ್ ಮೊದಲು ಅಳಿಸು.

ನಾಳೆ ನಿನ್ನ ಡಾಕ್ಟರ ಹತ್ತಿರ ಹೋಗು. ಮೂರು ದಿನದ ಮಾತು ಆಮೇಲೆ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಗ್ಗೆ ಎಂಟರವರೆಗೆ ಬಾಯಿ ಕಟ್ಟಿದರೆ ಸಾಕಾ, ಮಾತ್ರೆ ಯಾವ ಹೊತ್ತಿಗೆ ಅಂತ ಕೇಳು. ಅವರು ಏನಂದರು ಅಂತ ಸಂಜೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ,
ಹಳೇ ಬೆಂಚಿನ ಗೆಳೆಯ